ಮೆಚ್ಚಿನ ಮೇಳದ ಬೆನ್ನುಹತ್ತಿ: ಟೆಕ್ಸಸಿನ ರಾಕ್ ರಸಿಕರು ಮತ್ತು ಅವರ ಕಿವಿಗಳು



ವೈದ್ಯರನ್ನು ಉಪನ್ಯಾಸಕ್ಕೆ ಕರೆದವರು ಸಾಮಾನ್ಯವಾಗಿ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ನಿರೀಕ್ಷಿಸುತ್ತಾರೆ. ಆ ಎರಡನ್ನು ಕುರಿತು ಇಂಥ ವೇದಿಕೆಗಳಲ್ಲಿ ಸಾಕಷ್ಟು ಮಾತುಗಳಾಗಿವೆ. ಕೇಳಿದ ಮಹನೀಯರು ಅನಂತರ ಹೋಳಿಗೆಯ ಪಂಕ್ತಿಗೆ ಧಾವಿಸಿದ್ದನ್ನೂ ನಾವು ಕಂಡಿದ್ದೇವೆ. ಆದುದರಿಂದ ಇಂದು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ನಮ್ಮ ಮನೆಗಳ ಹರೆಯದ ಮಕ್ಕಳು ಯಾವುದೋ ಒಂದು ರಾಕ್ ತಂಡವನ್ನು ಮೆಚ್ಚಿಕೊಳ್ಳುತ್ತಾರೆ. ಅದರ ಸುದ್ದಿಯನ್ನು ದಿನದಿನವೂ ಅರಸುತ್ತಾರೆ. ಅದರ ಕಛೇರಿ ಕೇಳಲು ಡಲ್ಲಾಸಿನಿಂದಲೋ ಹ್ಯೂಸ್ಟನ್ನಿನಿಂದಲೋ ಆಸ್ಟಿನ್ನಿಗೆ ಕಾರು ಓಡಿಸಿಕೊಂಡು ಹೋಗಿ ನಡುರಾತ್ರಿ ಕಳೆದ ಮೇಲೆ ಹಿಂದಿರುಗುತ್ತಾರೆ. ಇದನ್ನು ಕಂಡ ತಂದೆತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆಗಳು ಎರಡು. ಇದರಲ್ಲಿ ಅಂಥದ್ದೇನಿದೆ ಎಂಬುದು ಒಂದು. ಇದರಿಂದ ಕೆಡುಕಿದೆಯೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ರಸಿಕರಾಗಿಯೂ ಎರಡನೆಯದಕ್ಕೆ ವೈದ್ಯರಾಗಿಯೂ ಉತ್ತರ ಹೇಳಲು ಯತ್ನಿಸುತ್ತೇವೆ.

ಮಕ್ಕಳ ಬಾಯಲ್ಲಿ ಪದೇ ಪದೇ ಬರುವ 'ಇಂಡಿ' ಎಂಬ ಮಾತಿಗೂ ಇಂಡಿಯಾ ದೇಶಕ್ಕೂ ಸಂಬಂಧವಿಲ್ಲ. ನಿಂಬೆಹಣ್ಣಿಗೆ ಹೆಸರಾದ ನಮ್ಮ ಬಿಜಾಪುರ ಸೀಮೆಯ ಇಂಡಿಗಂತೂ ಇಲ್ಲವೇ ಇಲ್ಲ. ಅದು 'ಇಂಡಿಪೆಂಡೆಂಟ್' ಎಂಬುದರ ಮೊಟಕು ರೂಪ. ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಹಂಗಿಲ್ಲದೆ, ಸಣ್ಣ ಸಂಸ್ಥೆಗಳ ಮೂಲಕವೋ ಸ್ವಂತ ಖರ್ಚಿನಲ್ಲೋ ಹಾಡುಗಳನ್ನು ಹೊರತರುವ ತಂಡಗಳಿಗೆ ಈ ಹೆಸರು ಬಂತು. ಕಾಲಕ್ರಮದಲ್ಲಿ ಅಂಥ ಸಂಗೀತದ ಒಂದು ಶೈಲಿಗೂ ಅದೇ ಹೆಸರು ನಿಂತಿತು.

ಟೆಕ್ಸಸಿನಲ್ಲಿರುವ ನಾವು ಇದನ್ನು ಅರಿಯಲು ದೂರ ಹೋಗಬೇಕಿಲ್ಲ. 1993ರಲ್ಲಿ ಆಸ್ಟಿನ್ನಿನಲ್ಲಿ ಬ್ರಿಟ್ ಡೇನಿಯಲ್ ಎಂಬ ಗಾಯಕನೂ ಜಿಮ್ ಈನೋ ಎಂಬ ಡ್ರಮ್ಸ್ ವಾದಕನೂ ಸೇರಿ ಕಟ್ಟಿದ ತಂಡದ ಹೆಸರು ಸ್ಪೂನ್. ಜರ್ಮನಿಯ ಕ್ಯಾನ್ ಎಂಬ ತಂಡದ ಒಂದು ಹಾಡಿನಿಂದ ಆ ಹೆಸರನ್ನು ಎತ್ತಿಕೊಂಡರು. ಸ್ಪೂನ್ ಎಂದರೆ ಚಮಚವಾದರೂ ಇವರು ಯಾರ ಚಮಚಾಗಳೂ ಆಗಲಿಲ್ಲ ಎಂಬುದೇ ಇವರ ಕಥೆಯ ಸಾರ. ಡೇನಿಯಲ್ ಹುಟ್ಟಿದ್ದು ಗ್ಯಾಲ್ವೆಸ್ಟನ್ನಿನಲ್ಲಿ, ಬೆಳೆದದ್ದು ಟೆಂಪಲ್ ಎಂಬ ಊರಿನಲ್ಲಿ. ಡಲ್ಲಾಸಿನಿಂದ ಆಸ್ಟಿನ್ನಿಗೆ ಹೋಗುವವರು ಈ ಊರನ್ನು ಹಾದೇ ಹೋಗಬೇಕು. ನಮ್ಮ ವೃತ್ತಿಯವರಿಗೆ ಟೆಂಪಲ್ ಎಂದರೆ ಸ್ಕಾಟ್ ಅಂಡ್ ವೈಟ್ ಆಸ್ಪತ್ರೆ. ಮಕ್ಕಳಿಗೆ ಅದು ಬ್ರಿಟ್ ಡೇನಿಯಲ್ಲನ ಊರು. ಇನ್ನು ಜಿಮ್ ಈನೋ ಚಿಪ್ ವಿನ್ಯಾಸದ ಎಂಜಿನಿಯರಾಗಿ ದುಡಿದವರು. ಎಂಜಿನಿಯರಿಂಗ್ ಓದಿದವರು ಡ್ರಮ್ಸ್ ಬಾರಿಸಿ ಬದುಕಬಹುದೆ ಎಂದು ಕೇಳುವ ಹಿರಿಯರು ಇದನ್ನು ದಯವಿಟ್ಟು ಗಮನಿಸಬೇಕು.

1996ರಲ್ಲಿ 'ಟೆಲಿಫೋನೋ' ಎಂಬ ಮೊದಲ ಧ್ವನಿಮುದ್ರಿಕೆ ಬಂತು. ಎರಡನೆಯದನ್ನು ಎಲೆಕ್ಟ್ರಾ ಎಂಬ ದೊಡ್ಡ ಸಂಸ್ಥೆ 1998ರಲ್ಲಿ ಹೊರತಂದಿತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲವೆಂದು ಕೆಲವೇ ತಿಂಗಳಲ್ಲಿ ತಂಡವನ್ನು ಕೈಬಿಟ್ಟಿತು. ಬಹುತೇಕ ತಂಡಗಳು ಇಂಥಲ್ಲಿ ಮುಗಿದುಹೋಗುತ್ತವೆ. ಇವರು ಆ ಸಂಸ್ಥೆಯಲ್ಲಿ ತಮ್ಮ ಉಸ್ತುವಾರಿ ಹೊತ್ತಿದ್ದ ಅಧಿಕಾರಿಯ ಮೇಲೆಯೇ ಎರಡು ಹಾಡು ಕಟ್ಟಿ, ನಾರ್ತ್ ಕ್ಯಾರೊಲೈನಾದ ಮರ್ಜ್ ಎಂಬ ಸಣ್ಣ ಸಂಸ್ಥೆಯ ಆಶ್ರಯ ಪಡೆದರು. ಅಲ್ಲಿಂದ 2001ರಲ್ಲಿ ಒಂದು, 2002ರಲ್ಲಿ ಇನ್ನೊಂದು, 2005ರಲ್ಲಿ ಮತ್ತೊಂದು ಎಂದು ಧ್ವನಿಮುದ್ರಿಕೆಗಳು ಬಂದವು. 2007ರದ್ದು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಹತ್ತರೊಳಗೆ ಸೇರಿತು. 2010ರದ್ದು ನಾಲ್ಕನೆಯ ಸ್ಥಾನಕ್ಕೇರಿತು. 2022ರಲ್ಲಿ ಬಂದ 'ಲೂಸಿಫರ್ ಆನ್ ದ ಸೋಫಾ' ಬಹುಮಟ್ಟಿಗೆ ಆಸ್ಟಿನ್ನಿನಲ್ಲೇ ರೂಪುಗೊಂಡು ಗ್ರ್ಯಾಮಿ ಪ್ರಶಸ್ತಿಗೆ ನಾಮಕರಣಗೊಂಡಿತು.

ದೊಡ್ಡ ಸಂಸ್ಥೆ ಕೈಬಿಟ್ಟ ಮೇಲೂ ಇಂಥ ತಂಡ ಉಳಿದದ್ದು ಹೇಗೆ? ಬೆನ್ನುಹತ್ತಿ ಬಂದ ರಸಿಕರಿಂದ. ಇಂದು ಅಂತರಜಾಲದ ಮೂಲಕ ಒಂದು ಹಾಡನ್ನು ಒಮ್ಮೆ ಕೇಳಿದರೆ ಹಾಡಿದವರ ಪಾಲಿಗೆ ಬರುವುದು ಒಂದು ಸೆಂಟಿಗಿಂತಲೂ ಕಡಿಮೆ. ಸಣ್ಣ ತಂಡಗಳ ಅನ್ನಕ್ಕೆ ದಾರಿ ಎಂದರೆ ಊರೂರಿನ ಕಛೇರಿ ಮತ್ತು ಸಭಾಂಗಣದ ಬಾಗಿಲ ಬಳಿ ಮೇಜು ಹಾಕಿ ಮಾರುವ ಅಂಗಿ, ಧ್ವನಿತಟ್ಟೆಗಳು. ತಮ್ಮ ಮಗಳು ಮೂವತ್ತು ಡಾಲರು ಕೊಟ್ಟು ತಂದ ಕಪ್ಪು ಟೀ ಶರ್ಟು ದುಬಾರಿಯೆಂದು ತಮಗೆ ತೋರಬಹುದು. ಅದರಲ್ಲಿ ಒಂದು ಪಾಲು ಆ ತಂಡದ ವ್ಯಾನಿನ ಪೆಟ್ರೋಲಿಗೂ ರಾತ್ರಿಯ ಊಟಕ್ಕೂ ಹೋಗುತ್ತದೆ.

ಕರಾವಳಿಯಲ್ಲಿ ಬೆಳೆದ ನಮಗೆ ಈ ವ್ಯವಸ್ಥೆ ಹೊಸದಾಗಿ ತೋರಲಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಪತ್ತನಾಜೆಯವರೆಗೆ ದಿನಕ್ಕೊಂದು ಊರು. ಇಂದು ಎಲ್ಲಿ ಯಾವ ಮೇಳದ ಆಟವೆಂದು ಬೆಳಗಿನ ಪತ್ರಿಕೆಯಲ್ಲಿ ನೋಡಿ, ಸಂಜೆ ಸೈಕಲ್ಲೇರಿ ಹೊರಡುವ ಜನರಿದ್ದರು. ಇಂಥ ಭಾಗವತರ ಪದವಾದರೆ ಮಾತ್ರ ಎನ್ನುವವರು ಕೆಲವರು. ಚೌಕಿಯ ಬಳಿ ಸುಳಿದಾಡಿ, ಇಂದಿನ ಕರ್ಣ ಯಾರದ್ದೆಂದು ಮೊದಲೇ ಪತ್ತೆಹಚ್ಚಿ ಮಿಕ್ಕವರಿಗೆ ಬಿತ್ತರಿಸುವವರು ಇನ್ನು ಕೆಲವರು. ಅದೇ ಪ್ರಸಂಗವನ್ನು ಹತ್ತನೆಯ ಸಲ ನೋಡಿ ಮೊನ್ನೆಯ ಊರಿನಲ್ಲಿ ಅರ್ಥ ಹೆಚ್ಚು ರಂಗೇರಿತ್ತೆಂದು ವಾದಿಸುವವರೂ ಉಂಟು. ನಮ್ಮ ಮಕ್ಕಳು ಮಾಡುವುದು ಇದನ್ನೇ. ಡಲ್ಲಾಸಿನ ರಾತ್ರಿ ಯಾವ ಹಾಡಿನಿಂದ ಆರಂಭಿಸಿದರು, ಆಸ್ಟಿನ್ನಿನಲ್ಲಿ ಯಾವ ಹಳೆಯ ಹಾಡನ್ನು ಹೊರತೆಗೆದರು, ಕೊನೆಗೆ ಎಷ್ಟು ಹಾಡು ಹೆಚ್ಚುವರಿ ಹಾಡಿದರು ಎಂಬುದನ್ನು ಪಟ್ಟಿಮಾಡಿಕೊಳ್ಳುತ್ತಾರೆ. ಟಿಕೆಟು ಮಾರಾಟಕ್ಕೆ ಬಿಡುವ ಗಳಿಗೆಯನ್ನು ಮುಹೂರ್ತದಂತೆ ಕಾಯುತ್ತಾರೆ. ಒಂದೇ ಕಲೆಯನ್ನು ವರ್ಷಗಟ್ಟಲೆ ನಿಷ್ಠೆಯಿಂದ ಗಮನಿಸುವ ಈ ಗುಣಕ್ಕೆ ನಮ್ಮಲ್ಲಿ ರಸಿಕತೆ ಎಂಬ ಹೆಸರಿದೆ. ಅದನ್ನು ಕಾಯಿಲೆಯೆಂದು ಕರೆಯಲು ನಾವು ಸಿದ್ಧರಿಲ್ಲ.

ಕನ್ನಡದಲ್ಲಿಯೂ ಈ ಬಗೆಯ ತಂಡಗಳಿವೆ ಎಂಬುದನ್ನು ಮಕ್ಕಳಿಗೆ ಹೇಳಿದರೆ ಅವರ ಕಿವಿ ನಿಮಿರುತ್ತದೆ. ಮೈಸೂರಿನಲ್ಲಿ ಬೆಳೆದು ಸೂಕ್ಷ್ಮಜೀವಿಶಾಸ್ತ್ರ ಓದಿದ ರಘು ದೀಕ್ಷಿತರು 2008ರಲ್ಲಿ ತಮ್ಮ ತಂಡದ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದರು. ಶಿಶುನಾಳ ಷರೀಫರ ತತ್ತ್ವಪದಗಳನ್ನು ಗಿಟಾರಿನೊಡನೆ ದೇಶದೇಶಗಳಿಗೆ ಒಯ್ದರು. ಬೆಂಗಳೂರಿನ ಸ್ವರಾತ್ಮ ತಂಡವೂ ಇದೇ ಹಾದಿಯದು. 1978ರ 'ನಿತ್ಯೋತ್ಸವ' ಕ್ಯಾಸೆಟ್ಟನ್ನು ಸೂಟ್‌ಕೇಸಿನಲ್ಲಿ ಸೀರೆಯ ಮಡಿಕೆಗಳ ನಡುವೆ ಹೊತ್ತು ತಂದ ತಲೆಮಾರು ನಮ್ಮದು. ಆ ಸುರುಳಿಯನ್ನು ಸವೆಯುವಷ್ಟು ಕೇಳಿದವರಿಗೆ ಮಕ್ಕಳ ಹುಚ್ಚು ಅರ್ಥವಾಗಲಾರದೆ?

ಈಗ ಊರುಗಳ ವಿಚಾರ. ಡಲ್ಲಾಸಿನಿಂದ ಆಸ್ಟಿನ್ನಿಗೆ ಸುಮಾರು 195 ಮೈಲಿ, ಹ್ಯೂಸ್ಟನ್ನಿನಿಂದ ಆಸ್ಟಿನ್ನಿಗೆ ಸುಮಾರು 165, ಡಲ್ಲಾಸು-ಹ್ಯೂಸ್ಟನ್ನುಗಳ ನಡುವೆ ಸುಮಾರು 240. ತಿರುಗಾಟಕ್ಕೆ ಹೊರಟ ತಂಡ ಈ ಮೂರು ಊರುಗಳನ್ನು ಅಕ್ಕಪಕ್ಕದ ರಾತ್ರಿಗಳಲ್ಲಿ ಮುಗಿಸುವುದು ಸಾಮಾನ್ಯ. ಡಲ್ಲಾಸಿನ ಡೀಪ್ ಎಲಮ್ ಬಡಾವಣೆಯಲ್ಲಿ ಬ್ಲೈಂಡ್ ಲೆಮನ್ ಜೆಫರ್ಸನ್ ಎಂಬ ಅಂಧ ಗಾಯಕ ನೂರು ವರ್ಷಗಳ ಹಿಂದೆ ಬೀದಿಯಲ್ಲಿ ನಿಂತು ಬ್ಲೂಸ್ ಹಾಡುತ್ತಿದ್ದ. ಅದೇ ಬಡಾವಣೆಯ ಟ್ರೀಸ್ ಎಂಬ ಸಭಾಂಗಣದಲ್ಲಿ 1991ರ ಅಕ್ಟೋಬರಿನಲ್ಲಿ ನಿರ್ವಾಣ ತಂಡ ಹಾಡಿತು. ಹೆಸರು ನಮ್ಮದು, ಹಾಡು ಅವರದು. ಹ್ಯೂಸ್ಟನ್ನಿನಲ್ಲಿ 2016ರಿಂದ ವೈಟ್ ಓಕ್ ಮ್ಯೂಸಿಕ್ ಹಾಲ್ ಇದೆ. ಆಸ್ಟಿನ್ನಿನ ಹೆಸರಾಂತ ಎಮೋಸ್ ಕೂಡ ಮೊದಲು ತೆರೆದದ್ದು ಹ್ಯೂಸ್ಟನ್ನಿನಲ್ಲೇ ಎಂಬುದನ್ನು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ.

ಆದರೂ ತವರು ಆಸ್ಟಿನ್ನೇ. 1974ರಲ್ಲಿ 'ಆಸ್ಟಿನ್ ಸಿಟಿ ಲಿಮಿಟ್ಸ್' ದೂರದರ್ಶನ ಕಾರ್ಯಕ್ರಮದ ಮೊದಲ ಕಂತಿಗೆ ವಿಲ್ಲಿ ನೆಲ್ಸನ್ ಹಾಡಿದರು. 1987ರಲ್ಲಿ ಸೌತ್ ಬೈ ಸೌತ್‌ವೆಸ್ಟ್ ಉತ್ಸವ ಆರಂಭವಾಯಿತು. 1991ರಲ್ಲಿ ನಗರಸಭೆಯು ತನ್ನೂರನ್ನು ಜಗತ್ತಿನ ಜೀವಂತ ಸಂಗೀತದ ರಾಜಧಾನಿ ಎಂದು ಘೋಷಿಸಿಕೊಂಡಿತು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಅಂದಿನ ಅಗ್ಗದ ಬಾಡಿಗೆಯೂ ಸೇರಿ ಆ ಊರನ್ನು ಬೆಳೆಸಿದವು. ಬಾಡಿಗೆ ಇಂದು ಅಗ್ಗವಾಗಿ ಉಳಿದಿಲ್ಲ. ಅದರಲ್ಲಿ ನಮ್ಮಂಥ ಎಂಜಿನಿಯರು-ವೈದ್ಯ ಕುಟುಂಬಗಳ ಪಾಲೂ ಸ್ವಲ್ಪ ಇದೆ. ವೈದ್ಯರಿಗೆ ಆಸ್ಟಿನ್ನಿನಲ್ಲಿ ಮೆಚ್ಚುಗೆಯಾಗುವುದು ಬೇರೊಂದು ಸಂಗತಿ. ಕಡಿಮೆ ವರಮಾನದ ಸಂಗೀತಗಾರರಿಗೆ ಚಿಕಿತ್ಸೆ, ದಂತ ಚಿಕಿತ್ಸೆ, ಕಣ್ಣು-ಕಿವಿಗಳ ಪರೀಕ್ಷೆ ದೊರಕಿಸಲು ಅಲ್ಲಿ 2005ರಲ್ಲಿ ಹ್ಯಾಮ್ ಎಂಬ ಸಂಸ್ಥೆ ಹುಟ್ಟಿತು; ಅವರ ಮಾನಸಿಕ ಆರೋಗ್ಯಕ್ಕಾಗಿ ಸಿಮ್ಸ್ ಪ್ರತಿಷ್ಠಾನ 1995ರಿಂದಲೇ ಇದೆ.

ಕಿವಿಯ ಮಾತು ಬಂದುದರಿಂದ ಎರಡನೆಯ ಪ್ರಶ್ನೆಗೆ ಬರೋಣ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯ ಎಂಬ ಅಂಗವಿದೆ. ಅದರಲ್ಲಿ ಶಬ್ದದ ಅಲುಗಾಟವನ್ನು ನರಸಂದೇಶವಾಗಿ ಮಾರ್ಪಡಿಸುವ ರೋಮಕೋಶಗಳು ಹುಟ್ಟುವಾಗ ಸುಮಾರು 15,000 ಮಾತ್ರ. ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಹತ್ತು ಕೋಟಿಗೂ ಮೀರಿ ಇವೆ ಎಂಬುದನ್ನು ನೆನೆದರೆ ಕಿವಿಯ ಬಡತನ ತಿಳಿಯುತ್ತದೆ. ಬಲವಾದ ಶಬ್ದಕ್ಕೆ ಈ ಕೋಶಗಳ ತುದಿಯ ಎಳೆಗಳು ಗಾಳಿಗೆ ಸಿಕ್ಕ ಭತ್ತದ ಪೈರಿನಂತೆ ಬಾಗುತ್ತವೆ. ಗಾಳಿ ನಿಂತರೆ ಪೈರು ಎದ್ದು ನಿಲ್ಲುತ್ತದೆ. ಬಿರುಗಾಳಿಯಾದರೆ ಮುರಿದು ಬೀಳುತ್ತದೆ. ಹಕ್ಕಿಗಳಲ್ಲಿ ಸತ್ತ ರೋಮಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ. ಮನುಷ್ಯರಿಗೆ ಆ ಭಾಗ್ಯವಿಲ್ಲ.

ಶಬ್ದವನ್ನು ಔಷಧಿಯಂತೆ ಪ್ರಮಾಣ ಮತ್ತು ಅವಧಿ ಎರಡನ್ನೂ ಕೂಡಿಸಿ ಅಳೆಯಬೇಕು. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ಕಾರ್ಮಿಕರಿಗೆ ಶಿಫಾರಸು ಮಾಡಿರುವ ಮಿತಿ 85 ಡೆಸಿಬೆಲ್‌ಗೆ 8 ಗಂಟೆ. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಕೇವಲ 15 ನಿಮಿಷ. ರಾಕ್ ಕಛೇರಿಯಲ್ಲಿ 100 ಡೆಸಿಬೆಲ್ ದಾಟುವುದು ದಿನನಿತ್ಯದ ಸಂಗತಿ, ಕಛೇರಿಯ ಅವಧಿಯೋ ಎರಡು ಮೂರು ಗಂಟೆ. ಮರುದಿನ ಬೆಳಗ್ಗೆ ಕಿವಿಯಲ್ಲಿ ಗುಂಯ್‌ಗುಡುವಿಕೆ, ಹತ್ತಿ ತುರುಕಿದಂಥ ಮಂದತನ ಇದರ ಫಲ. ಒಂದೆರಡು ದಿನದಲ್ಲಿ ಅದು ಮಾಯವಾಗುವುದರಿಂದ ಎಲ್ಲವೂ ಸರಿಹೋಯಿತೆಂದು ಮಕ್ಕಳು ಭಾವಿಸುತ್ತಾರೆ. ಬಾಸ್ಟನ್ನಿನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ, ಕೇಳುವ ಶಕ್ತಿ ಪರೀಕ್ಷೆಯಲ್ಲಿ ಮರಳಿ ಬಂದಮೇಲೂ ಕೋಶಕ್ಕೂ ನರಕ್ಕೂ ನಡುವಣ ಸಂಪರ್ಕಗಳು ಶಾಶ್ವತವಾಗಿ ಕಡಿದುಹೋಗಿದ್ದುದನ್ನು 2009ರಲ್ಲಿ ತೋರಿಸಿದರು.

ಇದು ಬರಿಯ ಪಾಠವಲ್ಲವೆನ್ನಲು ಒಂದು ನಿದರ್ಶನ ಸಾಕು. ಸ್ಪೂನ್ ತಂಡಕ್ಕೆ ಆಶ್ರಯವಿತ್ತ ಮರ್ಜ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಲಾರಾ ಬ್ಯಾಲನ್ಸ್ ಸ್ವತಃ ಸೂಪರ್‌ಚಂಕ್ ತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದರು. ಸಾಧಾರಣ ಶಬ್ದವೂ ಸಹಿಸಲಾರದಷ್ಟು ಕರ್ಕಶವಾಗಿ ಕೇಳುವ ಹೈಪರಾಕ್ಯೂಸಿಸ್ ಎಂಬ ತೊಂದರೆ ಹೆಚ್ಚಿ, 2013ರಲ್ಲಿ ಅವರು ತಂಡದೊಡನೆ ತಿರುಗಾಟವನ್ನೇ ನಿಲ್ಲಿಸಬೇಕಾಯಿತು. ಮಕ್ಕಳಿಗೆ ನಮ್ಮ ಡೆಸಿಬೆಲ್ ಲೆಕ್ಕ ರುಚಿಸದಿದ್ದರೆ ಈ ಹೆಸರು ಹೇಳಿ ನೋಡಿ. ಅವರು ಬಲ್ಲ ಹೆಸರದು.

ಮದ್ದು ಅಗ್ಗದ್ದು. ಔಷಧಿ ಅಂಗಡಿಯ ಸ್ಪಂಜಿನ ಇಯರ್‌ಪ್ಲಗ್ಗನ್ನು ಬತ್ತಿಯಂತೆ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬಿ ಕೂರುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಹೊರಗೇ ಅರ್ಧ ನೇತಾಡಿದರೆ ಅಲಂಕಾರ ಮಾತ್ರ. ಹಾಡಿನ ಸೊಗಸು ಕೆಡುತ್ತದೆಂದು ಗೊಣಗುವವರಿಗೆ ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುವ ಸಂಗೀತಗಾರರ ಇಯರ್‌ಪ್ಲಗ್ ಸುಮಾರು 20 ಡಾಲರಿಗೆ ಸಿಗುತ್ತದೆ. 15 ಡೆಸಿಬೆಲ್ ತಗ್ಗಿದರೂ 100 ಇದ್ದದ್ದು 85 ಆಗಿ, 15 ನಿಮಿಷದ ಮಿತಿ 8 ಗಂಟೆಗೆ ಏರುತ್ತದೆ. ಧ್ವನಿವರ್ಧಕದ ಎದುರಿಗೆ ನಿಲ್ಲದೆ ಹಿಂದೆ ನಿಲ್ಲುವುದು, ಹಾಡುಗಳ ನಡುವೆ ಹತ್ತು ನಿಮಿಷ ಹೊರಗೆ ಬರುವುದು ಇವೂ ಸಹಾಯಕ. ಗುಂಯ್‌ಗುಡುವಿಕೆ ಎರಡು ದಿನ ಕಳೆದರೂ ಇಳಿಯದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಒಂದೇ ಕಿವಿ ಹಠಾತ್ತನೆ ಕೇಳದಾದರೆ, ಅದು ಕಛೇರಿಯಿಂದಾಗಲಿ ಬೇರೆ ಕಾರಣದಿಂದಾಗಲಿ, ತುರ್ತು ಸ್ಥಿತಿ. ಸ್ಟೆರಾಯ್ಡ್ ಚಿಕಿತ್ಸೆ ಫಲಿಸುವುದು ಮೊದಲ ಕೆಲವು ದಿನಗಳಲ್ಲಿ.

ಜನಸಂದಣಿಯ ಭಯವನ್ನೂ ಹಲವರು ಎತ್ತಿದ್ದಾರೆ. 2021ರ ನವೆಂಬರ್ 5ರಂದು ಹ್ಯೂಸ್ಟನ್ನಿನ ಆಸ್ಟ್ರೋವರ್ಲ್ಡ್ ಉತ್ಸವದಲ್ಲಿ ಹತ್ತು ಮಂದಿ ಎಳೆಯರು ನೂಕುನುಗ್ಗಲಲ್ಲಿ ಸಿಲುಕಿ, ಎದೆ ಹಿಗ್ಗಲು ಎಡೆಯಿಲ್ಲದೆ ಉಸಿರುಗಟ್ಟಿ ಸತ್ತರು. ಅಲ್ಲಿ ಸೇರಿದ್ದವರು ಸುಮಾರು 50,000. ಇಂಡಿ ತಂಡಗಳು ಹಾಡುವ ಕೆಲವು ನೂರು ಜನರ ಸಭಾಂಗಣಕ್ಕೆ ಆ ಹೋಲಿಕೆ ಸಲ್ಲದು. ಆದರೂ ತೋಳುಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳುವುದನ್ನೂ, ಒತ್ತಡ ಹೆಚ್ಚುವ ಮೊದಲೇ ಅಂಚಿಗೆ ಸರಿಯುವುದನ್ನೂ ಮಕ್ಕಳಿಗೆ ಹೇಳಿಕೊಡಿ.

ನಮಗೆ ಇವೆರಡಕ್ಕಿಂತ ಹೆಚ್ಚು ಅಂಜಿಕೆ ಹಿಂದಿರುಗುವ ದಾರಿಯದು. ಯಕ್ಷಗಾನದ ಹಲವು ಮೇಳಗಳೇ ಈಚೆಗೆ ಬೆಳಗಿನವರೆಗಿನ ಆಟ ಬಿಟ್ಟು ಕಾಲಮಿತಿಗೆ ಒಗ್ಗಿಕೊಂಡಿವೆ. ಅಂದು ಆಟ ಬೆಳಗಿನವರೆಗೆ ನಡೆಯುತ್ತಿದ್ದುದರಿಂದ ನೋಡಿದವರು ಸೂರ್ಯನ ಬೆಳಕಿನಲ್ಲಿ ಮನೆಗೆ ನಡೆದರು. ನಮ್ಮ ಮಕ್ಕಳು ರಾತ್ರಿ ಹನ್ನೆರಡಕ್ಕೆ ಹೊರಬಿದ್ದು 70 ಮೈಲಿ ವೇಗದ ಹೆದ್ದಾರಿಗೆ ಇಳಿಯುತ್ತಾರೆ. ಕುಡಿಯದವರಿಗೂ ಆ ಹೊತ್ತಿನ ನಿದ್ದೆ ಕುಡಿತದಷ್ಟೇ ಮೋಸ ಮಾಡುತ್ತದೆ. ಆಸ್ಟಿನ್ನಿನಲ್ಲಿ ಕನ್ನಡಿಗರ ಮನೆಗಳಿಗೆ ಬರವಿಲ್ಲ. ಹಿಂದಿನ ದಿನ ಒಂದು ಫೋನು ಮಾಡಿದರೆ ಇಬ್ಬರಿಗೋ ಮೂವರಿಗೋ ಹಾಸಿಗೆ ಹಾಸಿಡುವ ಅತ್ತೆ, ಚಿಕ್ಕಮ್ಮಂದಿರು ಅಲ್ಲಿದ್ದಾರೆ. ಬೆಳಗ್ಗೆ ಉಪ್ಪಿಟ್ಟು ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು.