ಮೂಗಿನ ಮಟ್ಟದ ಕಾಚು

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೊರಟವರ ಮುಖ ಪಶ್ಚಿಮಕ್ಕಿರುತ್ತದೆ. ಮಳೆಗಾಲದಲ್ಲಿ ಸಹ್ಯಾದ್ರಿ ದಾಟಿ ಬರುವ ಗಾಳಿಯೂ ಅತ್ತಲಿಂದಲೇ. ಗಾಳಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಬೀಸುತ್ತಿದೆ, ಬೈಕು 50ರಲ್ಲಿ ಓಡುತ್ತಿದೆ ಎನ್ನಿ. ಹೋಗುವಾಗ ಎದೆಗೆ ಬಡಿಯುವುದು 75 ಕಿ.ಮೀ. ವೇಗದ ಗಾಳಿ; ಬರುವಾಗ ಬರೀ 25. ವೇಗದಲ್ಲಿ ಮೂರು ಪಟ್ಟು ವ್ಯತ್ಯಾಸ, ನೂಕಿನಲ್ಲಿ ಒಂಬತ್ತು ಪಟ್ಟು. ಗಾಳಿಯ ನೂಕು ಏರುವುದು ವೇಗದ ವರ್ಗದ ಲೆಕ್ಕದಲ್ಲಿ. ಒಂದೇ ರಸ್ತೆಯಲ್ಲಿ ಹೋಗುವಾಗಿನ ಮೈಲೇಜು ಬರುವಾಗ ಬದಲಾದರೆ ಮೆಕ್ಯಾನಿಕ್‌ನನ್ನು ಬೈಯಬೇಕಾಗಿಲ್ಲ.

ಗಾಳಿಯಿಲ್ಲದ ದಿನದ ಲೆಕ್ಕವನ್ನೂ ನೋಡೋಣ. 60 ಕಿ.ಮೀ. ವೇಗದಲ್ಲಿ ಎದುರು ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 150 ನ್ಯೂಟನ್. ನೆಟ್ಟಗೆ ಕುಳಿತವನ ಎದೆ, ಭುಜ, ಹೆಲ್ಮೆಟ್ ಸೇರಿ 0.4 ಚದರ ಮೀಟರ್ ಎಂದುಕೊಂಡರೆ ಆರು ಕಿಲೋ ತೂಕದಷ್ಟು ನೂಕು ಸದಾ ಹಿಂದಕ್ಕೆ ತಳ್ಳುತ್ತಿರುತ್ತದೆ. 80ಕ್ಕೆ ಏರಿದರೆ ಅದು ಹನ್ನೊಂದು ಕಿಲೋ. ನಮ್ಮ ಕಡೆಯ ಹಾಲಿನವರಿಗೂ ಮೇಷ್ಟ್ರಿಗೂ ಸಮಾನವಾಗಿ ಒಗ್ಗಿರುವ ನೂರು ಸಿಸಿಯ ಗಾಡಿಯ ಎಂಜಿನ್ನಿಗೆ ಇರುವುದೇ ಎಂಟು ಅಶ್ವಶಕ್ತಿ. 60ರ ವೇಗದಲ್ಲಿ ಅದರಲ್ಲಿ ಎರಡು ಅಶ್ವಶಕ್ತಿಯಷ್ಟು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ.

ಹಾಗಾದರೆ ಗಾಡಿಯ ಮುಂದೆ ಗಾಳಿ ತಡೆಯುವ ಪಾರದರ್ಶಕ ಹಾಳೆ, ಅಂದರೆ ಕಾಚು, ಕಟ್ಟಿದರೆ ಪೆಟ್ರೋಲು ಉಳಿಯುತ್ತದೆಯೇ? ಬಹಳ ಮಟ್ಟಿಗೆ ಇಲ್ಲ. ಮನೆಯಲ್ಲಿ ಮಾಡಿದ ಚಪ್ಪಟೆ, ಅಗಲ ಕಾಚು ಗಾಳಿಗೆ ಒಡ್ಡಿಕೊಳ್ಳುವ ಮೈಯನ್ನು ಇನ್ನಷ್ಟು ಹಿಗ್ಗಿಸುತ್ತದೆ. ಪೆಟ್ರೋಲು ತುಸು ಹೆಚ್ಚೇ ಹೋದೀತು. ಕಾಚು ಬೇಕಿರುವುದು ಚಳಿಗೆ ಮತ್ತು ದಣಿವಿಗೆ. ಕಬ್ಬು ನುರಿಸುವ ಹಂಗಾಮೂ ಚಳಿಗಾಲವೂ ಇಲ್ಲಿ ಒಟ್ಟಿಗೇ ಬರುತ್ತವೆ. ಕಾಗವಾಡ ತಾಲ್ಲೂಕಿನ ಉಗಾರದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಕೃಷ್ಣೆಯ ಎರಡೂ ದಂಡೆಯ ಕಾರ್ಖಾನೆಗಳಿಗೆ ನಸುಕಿನ ಪಾಳಿಗೆ ಹೋಗುವವರು, ಹಾಲಿನ ಕ್ಯಾನು ಹೇರಿಕೊಂಡವರು, ಪೇಪರಿನವರು ಎಲ್ಲರೂ ದಾರಿಯಲ್ಲಿರುವ ಹೊತ್ತದು. ಉಷ್ಣಾಂಶ 10 ಡಿಗ್ರಿ ಇದ್ದಾಗ 60ರಲ್ಲಿ ಹೋಗುವವನ ಬರಿ ಮುಖಕ್ಕೆ ಅದು 5 ಡಿಗ್ರಿಯ ಹಾಗೆ ತಟ್ಟುತ್ತದೆ. ಇದು ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಸೂತ್ರದ ಉತ್ತರ. ಮೈ ತನ್ನ ಸುತ್ತ ಬೆಚ್ಚಗಿಟ್ಟುಕೊಂಡ ತೆಳು ಗಾಳಿಯ ಪದರವನ್ನು ವೇಗದ ಗಾಳಿ ಕ್ಷಣಕ್ಷಣಕ್ಕೂ ಕಿತ್ತೊಯ್ಯುವುದರಿಂದ ಹೀಗಾಗುತ್ತದೆ. ಸ್ವೆಟರಿನ ಒಳಗೆ ಎದೆಗೆ ದಿನಪತ್ರಿಕೆ ಇಟ್ಟುಕೊಳ್ಳುವ ಹಳೆಯ ಉಪಾಯದ ಹಿಂದಿರುವುದೂ ಇದೇ ವಿಜ್ಞಾನ, ಮತ್ತು ಅದು ಕಾಚಿಗಿಂತ ಅಗ್ಗ.

ಕಾಚು ಕಟ್ಟುವವರೆಲ್ಲರ ಮೊದಲ ಆಸೆ, ಎತ್ತರವಾಗಿರಲಿ ಎಂಬುದು. ತೊಂದರೆ ಶುರುವಾಗುವುದು ಅಲ್ಲಿಯೇ. ಹರಿಯುವ ನೀರಿಗೆ ಅಡ್ಡಲಾಗಿ ಹಲಗೆ ಹಿಡಿದರೆ ಅದರ ಹಿಂದೆ ಸುಳಿ ಏಳುವಂತೆ ಕಾಚಿನ ಅಂಚಿನಲ್ಲಿ ಗಾಳಿ ಹರಿದು, ಎಡಕ್ಕೊಂದು ಬಲಕ್ಕೊಂದು ಸುಳಿಯಾಗಿ ಕಳಚಿಕೊಳ್ಳುತ್ತದೆ. ಥಿಯೋಡರ್ ವಾನ್ ಕಾರ್ಮನ್ 1911ರಲ್ಲಿ ಈ ಸುಳಿಗಳ ಸಾಲಿಗೆ ಗಣಿತ ಕಟ್ಟಿದ. 40 ಸೆಂ.ಮೀ. ಅಗಲದ ಕಾಚಿನ ಹಿಂದೆ 60ರ ವೇಗದಲ್ಲಿ ಸೆಕೆಂಡಿಗೆ ಆರರಿಂದ ಎಂಟು ಸುಳಿಗಳ ಲೆಕ್ಕ ಬರುತ್ತದೆ. ಅವು ಬಂದು ಬಡಿಯುವುದು ಹೆಲ್ಮೆಟ್ಟಿಗೆ. ತಲೆ ಅದುರಿ, ಕಣ್ಣಿಗೆ ರಸ್ತೆ ಮಸುಕಾಗಿ, ಕಿವಿಯಲ್ಲಿ ನಗಾರಿ ಬಾರಿಸಿದ ಸದ್ದು. ಕಾಚೇ ಇಲ್ಲದಾಗ ಬೀಸುತ್ತಿದ್ದ ಸಮನಾದ ಗಾಳಿಯೇ ಇದಕ್ಕಿಂತ ವಾಸಿ ಎನ್ನಿಸುತ್ತದೆ.

ಆದ್ದರಿಂದ ಅಳತೆ ತೆಗೆಯಬೇಕಾದದ್ದು ಗಾಡಿಯದ್ದಲ್ಲ, ಸವಾರನದ್ದು. ಸೀಟಿನ ಮೇಲೆ ಸಹಜವಾಗಿ ಕುಳಿತಾಗ ಕಾಚಿನ ಮೇಲಂಚು ಮೂಗಿನ ಮಟ್ಟಕ್ಕೆ ಕಾಣಬೇಕು, ಕಣ್ಣು ಅದರ ಮೇಲಿಂದ ರಸ್ತೆ ನೋಡಬೇಕು. ಓರೆಯಾಗಿ ನಿಲ್ಲಿಸಿದ ಕಾಚಿನಿಂದ ಮೇಲಕ್ಕೆ ಚಿಮ್ಮಿದ ಗಾಳಿ ಅಂಚನ್ನು ದಾಟಿದ ಮೇಲೂ ಕೆಲವು ಇಂಚು ಏರುತ್ತಲೇ ಹೋಗುತ್ತದೆ. ಹಣೆಯ ಮೇಲೆ ಹಾದುಹೋಗಲು ಅಷ್ಟು ಸಾಕು. ಕಾಚಿನ ಮೂಲಕವೇ ನೋಡುವಷ್ಟು ಎತ್ತರವಾದರೆ ಮಳೆಯಲ್ಲಿ ಒರೆಸಲು ವೈಪರ್ ಇಲ್ಲ, ರಾತ್ರಿ ಎದುರು ಬರುವ ಟ್ರ್ಯಾಕ್ಟರಿನ ದೀಪ ಪ್ರತಿ ಗೀರಿನಲ್ಲೂ ಹೊಳೆಯುತ್ತದೆ.

ಇನ್ನೊಂದು ಸೂಕ್ಷ್ಮ ಕೆಳಗಿನ ಅಂಚಿನದು. ಹೆಡ್‌ಲೈಟಿಗೆ ಒತ್ತಿ, ಸಂದಿಲ್ಲದೆ ಕೂರಿಸುವುದೇ ಅಚ್ಚುಕಟ್ಟು ಎನ್ನಿಸುತ್ತದೆ. ಆದರೆ ಕಾಚಿನ ಹಿಂದೆ ಒತ್ತಡ ಕಡಿಮೆ. ಆ ಜಾಗ ತುಂಬಲು ಗಾಳಿ ಸವಾರನ ಬೆನ್ನಿನ ಕಡೆಯಿಂದ ಮುಂದಕ್ಕೆ ನುಗ್ಗುತ್ತದೆ. ದೂಳನ್ನೂ ಮಳೆಹನಿಯನ್ನೂ ಎದೆಗೆ ತಂದು ಹಾಕುತ್ತದೆ. ಕೆಳಗೆ ಮೂರು ನಾಲ್ಕು ಸೆಂ.ಮೀ. ಸಂದು ಬಿಟ್ಟು ಒಂದಿಷ್ಟು ಗಾಳಿಗೆ ದಾರಿ ಕೊಟ್ಟರೆ ಒತ್ತಡ ಸಮವಾಗಿ ತಲೆಯ ಅದುರು ಇಳಿಯುತ್ತದೆ.

ಸಾಮಗ್ರಿಯ ಆಯ್ಕೆಯಲ್ಲಿ ಕಿಟಕಿಯ ಗಾಜಿನ ಮಾತೇ ಬೇಡ. ಬೋರ್ಡು ಬರೆಯುವ ಅಂಗಡಿಗಳಲ್ಲಿ ಸಿಗುವ 3 ಮಿ.ಮೀ. ಅಕ್ರಿಲಿಕ್ ಶೀಟು ಎಲ್ಲರ ಕೈಗೆಟಕುವಂಥದ್ದು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಯುದ್ಧವಿಮಾನಗಳ ಮೇಲ್ಮುಚ್ಚಳವೂ ಇದರದ್ದೇ. ಗುಂಡೇಟಿಗೆ ಒಡೆದ ಅದರ ಚೂರುಗಳು ಪೈಲಟ್ಟರ ಕಣ್ಣೊಳಗೆ ಹೊಕ್ಕರೂ ಉರಿಯೂತ ತರದೆ ಸುಮ್ಮನಿದ್ದುದನ್ನು ಹೆರಾಲ್ಡ್ ರಿಡ್ಲೆ ಎಂಬ ನೇತ್ರವೈದ್ಯ ಗಮನಿಸಿದ. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ವಸ್ತುವಿನಿಂದ ಮಾಡಿದ ಲೆನ್ಸನ್ನು ರೋಗಿಯ ಕಣ್ಣಿಗೆ ಕೂರಿಸಿದ. ಇಂದು ಪೊರೆ ತೆಗೆಸಿಕೊಂಡ ಎಷ್ಟೋ ಅಜ್ಜಂದಿರ ಕಣ್ಣಿನಲ್ಲಿರುವುದು ಇದೇ ಕುಲದ ಪ್ಲಾಸ್ಟಿಕ್. ಹಾಗೆಂದು ಚೂರಾಗಲಿ ಬಿಡಿ ಎನ್ನುವಂತಿಲ್ಲ: ಪೆಟ್ಟಿಗೆ ಅಕ್ರಿಲಿಕ್ ಚೂಪಾಗಿಯೇ ಒಡೆಯುತ್ತದೆ. 1953ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಡೇನಿಯಲ್ ಫಾಕ್ಸ್ ಬೇರೆ ಬೇರೆಯಾಗಿ ತಯಾರಿಸಿದ ಪಾಲಿಕಾರ್ಬೊನೇಟ್ ಇದಕ್ಕಿಂತ ಎಷ್ಟೋ ಗಟ್ಟಿ. ಸುತ್ತಿಗೆ ಏಟಿಗೆ ತಗ್ಗು ಬೀಳುತ್ತದೆಯೇ ಹೊರತು ಸಿಡಿಯುವುದಿಲ್ಲ. ಆದರೆ ಬೇಗ ಗೀರು ಬೀಳುತ್ತದೆ, ಲೇಪನವಿಲ್ಲದಿದ್ದರೆ ಬಿಸಿಲಿಗೆ ಹಳದಿಯಾಗುತ್ತದೆ. ಮುಂದಿನ ಲಾರಿಯ ಟೈರು ಕಲ್ಲು ಸಿಡಿಸುವ ರಸ್ತೆಗೆ ನನ್ನ ಮತ ಪಾಲಿಕಾರ್ಬೊನೇಟಿಗೇ.

ಅದಕ್ಕೆ ಇನ್ನೊಂದು ಅನುಕೂಲವೂ ಉಂಟು. ಬೆಂಕಿ ತೋರಿಸದೆ, ತಣ್ಣಗಿರುವಾಗಲೇ ಬಗ್ಗಿಸಬಹುದು. ಬಾಗಿನ ತ್ರಿಜ್ಯ ದಪ್ಪದ ನೂರು ಪಟ್ಟಿಗಿಂತ ಕಡಿಮೆಯಾಗಬಾರದು ಎಂಬುದು ರೂಢಿಯ ಲೆಕ್ಕ, 3 ಮಿ.ಮೀ. ಶೀಟಿಗೆ 30 ಸೆಂ.ಮೀ. ಅಷ್ಟು ಬಾಗಿದರೆ 40 ಸೆಂ.ಮೀ. ಅಗಲದ ಕಾಚಿನ ನಡು ಅಂಚಿಗಿಂತ ಆರು ಸೆಂ.ಮೀ. ಮುಂದೆ ಬರುತ್ತದೆ, ಗಾಳಿ ಪಕ್ಕಕ್ಕೆ ಜಾರಲು ದಾರಿಯಾಗುತ್ತದೆ. ಅಕ್ರಿಲಿಕ್ಕನ್ನು ಹೀಗೆ ಬಗ್ಗಿಸಲು 150 ಡಿಗ್ರಿಯಷ್ಟು ಕಾಯಿಸಬೇಕು. ತೂತು ಕೊರೆಯುವಾಗ ಕೆಳಗೆ ಮರದ ಹಲಗೆ ಇರಲಿ. ಬೋಲ್ಟಿಗಿಂತ ತೂತು 2 ಮಿ.ಮೀ. ದೊಡ್ಡದಿರಲಿ, ನಡುವೆ ರಬ್ಬರ್ ವಾಷರ್ ಬೀಳಲಿ. ಅರ್ಧ ಮೀಟರ್ ಅಕ್ರಿಲಿಕ್ ನಸುಕಿನ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ 40 ಡಿಗ್ರಿ ಕಾದರೆ ಸುಮಾರು 1.4 ಮಿ.ಮೀ. ಹಿಗ್ಗುತ್ತದೆ, ಬಿಗಿಯಾಗಿ ಕಟ್ಟಿದರೆ ಬಿರುಕು ಹುಟ್ಟುವುದು ತೂತಿನಿಂದಲೇ.

ಎಲ್ಲಿಗೆ ಕಟ್ಟಬೇಕು ಎಂಬುದು ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆ. ಹ್ಯಾಂಡಲ್ಲಿಗೆ ಕ್ಲಾಂಪ್ ಹಾಕುವುದು ಸುಲಭ, ಆದರೆ ಆಗ ಕಾಚಿಗೆ ಬಿದ್ದ ಗಾಳಿ ನೇರ ಹ್ಯಾಂಡಲನ್ನೇ ತಿರುಗಿಸುತ್ತದೆ. ನಿಪ್ಪಾಣಿಯಿಂದ ಸ್ತವನಿಧಿ ಘಾಟ್ ಹತ್ತಿ ಸಂಕೇಶ್ವರಕ್ಕೆ ಇಳಿಯುವ ಹೆದ್ದಾರಿ ಉತ್ತರ–ದಕ್ಷಿಣವಾಗಿದೆ. ಪಡುವಣ ಗಾಳಿ ಅಲ್ಲಿ ಮಗ್ಗುಲಿಗೆ ಹೊಡೆಯುತ್ತದೆ. ರಾಯಬಾಗ, ಅಥಣಿ ಕಡೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರು ಎಳೆಯುವ ಕಬ್ಬಿನ ಟ್ರ್ಯಾಕ್ಟರನ್ನು ದಾಟುವಾಗ ಕೆಲ ಕ್ಷಣ ಗಾಳಿಯೇ ಇರುವುದಿಲ್ಲ. ಟ್ರ್ಯಾಕ್ಟರಿನ ಮೂತಿ ದಾಟಿದ ಕೂಡಲೇ ಪೂರ್ತಿ ಗಾಳಿ ಒಮ್ಮೆಲೇ ಅಪ್ಪಳಿಸುತ್ತದೆ. ಆದ್ದರಿಂದ ಹ್ಯಾಂಡಲ್ಲಿನ ಜೊತೆ ತಿರುಗದ ಚೌಕಟ್ಟಿಗೆ ಬ್ರಾಕೆಟ್ ಕೂರಿಸಲು ಸಾಧ್ಯವಿದ್ದರೆ ಅದೇ ಮೇಲು. ಸಾಧ್ಯವಿಲ್ಲದಿದ್ದರೆ ಕಾಚು ಚಿಕ್ಕದಿರಲಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಅದು ಕೇಬಲ್ಲಿಗಾಗಲಿ ಟ್ಯಾಂಕಿಗಾಗಲಿ ತಾಕಬಾರದು, ಇಂಡಿಕೇಟರ್ ಮರೆಯಾಗಬಾರದು. ಕಾಚು ಬಂದ ಮೇಲೆ ಹೆಲ್ಮೆಟ್ ಯಾಕೆ ಎನ್ನುವವರೊಂದಿಗೆ ವಾದಿಸುವ ಉತ್ಸಾಹ ನನಗಿಲ್ಲ.

ಪರೀಕ್ಷೆಗೆ ಇಟಲಿಯ ಮೋಟೊ ಗುಜ್ಜಿ ಕಂಪನಿ 1950ರಲ್ಲಿ ಬೈಕನ್ನೂ ಸವಾರನನ್ನೂ ಇಡಿಯಾಗಿ ನಿಲ್ಲಿಸುವಷ್ಟು ದೊಡ್ಡ ಗಾಳಿಸುರಂಗ ಕಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ 14 ಅಡಿ ಅಗಲ, 9 ಅಡಿ ಎತ್ತರದ ಸುರಂಗವಿದೆ. ನಮಗೆ ಉಣ್ಣೆಯ ದಾರ ಸಾಕು. ಬೆರಳುದ್ದದ ತುಂಡುಗಳನ್ನು ಕಾಚಿನ ಒಳಮೈಗೂ ಹೆಲ್ಮೆಟ್ಟಿಗೂ ಟೇಪಿನಿಂದ ಅಂಟಿಸಿ, ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಹೋಗುವಾಗ ಪಕ್ಕದ ಗಾಡಿಯ ಹಿಂದಿನ ಸೀಟಿನಿಂದ ಗೆಳೆಯನೊಬ್ಬ ಮೊಬೈಲಿನಲ್ಲಿ ಚಿತ್ರೀಕರಿಸಲಿ. ದಾರ ಹಿಂದಕ್ಕೆ ನೇರ ಮಲಗಿದ್ದರೆ ಅಲ್ಲಿ ಹರಿವು ಸಮ; ಒದ್ದಾಡಿದರೆ ಸುಳಿ; ಮುಂದಕ್ಕೆ ತಿರುಗಿದರೆ ಗಾಳಿ ಹಿಂದಿನಿಂದ ಬರುತ್ತಿದೆ, ಕೆಳಗಿನ ಸಂದನ್ನು ಹಿಗ್ಗಿಸಿ. ಹೆಲ್ಮೆಟ್ಟಿನ ದಾರಗಳು ಕುಣಿಯುತ್ತಿದ್ದರೆ ಮೇಲಂಚನ್ನು ಎರಡೆರಡು ಸೆಂ.ಮೀ. ಕತ್ತರಿಸಿ ಮತ್ತೆ ನೋಡಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು, ಹಾಗಾಗಿ ಮೊದಲ ಸುತ್ತಿನಲ್ಲಿ ರಟ್ಟಿನಲ್ಲೇ ಮಾಡಿ, ನಿಧಾನ ವೇಗದಲ್ಲಿ ನೋಡುವುದು ಜಾಣತನ.

ದೂಳು ಕೂತ ಕಾಚನ್ನು ಒಣ ಬಟ್ಟೆಯಿಂದ ಉಜ್ಜಿದರೆ ಮರಳು ಕಾಗದದಿಂದ ಉಜ್ಜಿದ ಹಾಗೆ. ಮೊದಲು ನೀರು ಸುರಿದು, ಆಮೇಲೆ ಸೋಪಿನ ನೀರಲ್ಲಿ ಅದ್ದಿದ ಮೆದು ಬಟ್ಟೆ. ಗ್ಯಾರೇಜಿನ ಹುಡುಗ ಪೆಟ್ರೋಲು ಹಚ್ಚಿದ ಬಟ್ಟೆ ತಂದರೆ ತಡೆಯಿರಿ. ಪಾಲಿಕಾರ್ಬೊನೇಟಿಗೆ ಪೆಟ್ರೋಲು ತಾಗಿದರೆ ಕೂದಲೆಳೆಯಂಥ ಬಿರುಕುಗಳು ಬಲೆಯಾಗಿ ಹಬ್ಬುತ್ತವೆ.