ತಲಶ್ಶೇರಿಯ ಕಡಲು, ಅಮ್ಮನ ಆಸೆ

ತಿರುಪ್ಪೂರಿನಲ್ಲಿ ಬನಿಯನ್ ವ್ಯಾಪಾರ ಮಾಡುವ ನಮ್ಮಂಥವರಿಗೆ ರಜೆ ಎಂಬುದೇ ಅಪರೂಪ. ಅಂಗಡಿಗೆ ಬೀಗ ಹಾಕಿದರೆ ಮದುವೆಗೆ, ಇಲ್ಲವೆ ಯಾತ್ರೆಗೆ. ಕಳೆದ ಡಿಸೆಂಬರಿನಲ್ಲಿ ಅಮ್ಮ ಮೆಲ್ಲಗೆ, "ಒಂದು ಸಲ ಕಡಲ ನೀರಿನಲ್ಲಿ ಕಾಲಿಡಬೇಕಪ್ಪ" ಎಂದರು. ಅವರಿಗೆ ಎಪ್ಪತ್ತೆರಡು ವರ್ಷ, ಮೊಣಕಾಲು ನೋವು ಬೇರೆ. ಜೊತೆಗೆ ಇಬ್ಬರು ಚಿಕ್ಕ ಮಕ್ಕಳು. ಅಲೆಗಳ ಅಬ್ಬರವಿಲ್ಲದ, ಆಳವಿಲ್ಲದ ಕಡಲು ಬೇಕಿತ್ತು. ನಾಲ್ಕಾರು ಜನರನ್ನು ವಿಚಾರಿಸಿ ಕೇರಳದ ತಲಶ್ಶೇರಿಯನ್ನು ಆರಿಸಿದೆವು.

ಕೊಯಮತ್ತೂರು ದಾಟಿ ಪಾಲಕ್ಕಾಡಿಗೆ ಬಂದಾಗ ಮೊದಲು ಜೈನಿಮೇಡಿಗೆ ಹೋದೆವು. ಅಲ್ಲಿ ಚಂದ್ರನಾಥ ಸ್ವಾಮಿಯ ಹಳೆಯ ಜಿನಾಲಯವಿದೆ. ಆಡಂಬರವಿಲ್ಲದ ಕಲ್ಲಿನ ಗೋಡೆಗಳು, ಒಳಗೆ ತಂಪು. ಕರ್ನಾಟಕದ ಕಡೆಯಿಂದ ಬಂದ ವಜ್ರದ ವ್ಯಾಪಾರಿಗಳು ಕಟ್ಟಿಸಿದ್ದೆಂದು ಹೇಳುತ್ತಾರೆ. ಮಲಯಾಳದ ಮಹಾಕವಿ ಕುಮಾರನ್ ಆಶಾನ್ 1907ರಲ್ಲಿ 'ವೀಣಪೂವು' ಕಾವ್ಯವನ್ನು ಬರೆದದ್ದು ಇದೇ ಜೈನಿಮೇಡಿನಲ್ಲಿ.

ತಲಶ್ಶೇರಿಯನ್ನು ಬೆಳೆಸಿದ್ದು ಕರಿಮೆಣಸು. ಆ ವ್ಯಾಪಾರದ ರಕ್ಷಣೆಗಾಗಿ ಈಸ್ಟ್ ಇಂಡಿಯಾ ಕಂಪನಿ 1708ರಲ್ಲಿ ಇಲ್ಲಿ ಕೋಟೆ ಕಟ್ಟಿತು. ಕೆಂಪು ಮುರಕಲ್ಲಿನ ಚೌಕ ಕೋಟೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಒಂದು ಕಾಳಿಗಾಗಿ ಇಷ್ಟು ದೊಡ್ಡ ಗೋಡೆಯೇ ಎಂದು ಅಮ್ಮನಿಗೆ ಆಶ್ಚರ್ಯ. ಊರಿನ ಇಲ್ಲಿಕ್ಕುನ್ನಿನಲ್ಲಿ ಹರ್ಮನ್ ಗುಂಡರ್ಟ್ ವಾಸವಾಗಿದ್ದರು. ಮಲಯಾಳದ ಮೊದಲ ಪತ್ರಿಕೆ 'ರಾಜ್ಯಸಮಾಚಾರಂ' 1847ರಲ್ಲಿ ಹೊರಟದ್ದು ಇಲ್ಲಿಂದಲೇ. ಅದಕ್ಕೆ ನಾಲ್ಕು ವರ್ಷ ಮೊದಲೇ ಅವರ ಬಾಸೆಲ್ ಮಿಷನ್ನಿನವರೇ ಆದ ಮೋಗ್ಲಿಂಗ್ 'ಮಂಗಳೂರು ಸಮಾಚಾರ'ವನ್ನು ಕನ್ನಡಿಗರಿಗೆ ಕೊಟ್ಟಿದ್ದರು.

ಪೇಟೆಯಿಂದ ಕಣ್ಣೂರಿನ ಕಡೆಗೆ ಸ್ವಲ್ಪ ದೂರ ಹೋದರೆ ಮುಳಪ್ಪಿಲಂಗಾಡು. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ, ಮೋಟಾರು ಓಡುವಷ್ಟು ಗಟ್ಟಿಯಾದ ಮರಳಿನ ದಂಡೆ. ಕರಿಬಂಡೆಗಳು ಅಲೆಯ ರಭಸವನ್ನು ತಡೆಯುವುದರಿಂದ ದಡದ ಬಳಿ ನೀರು ಆಳವಿಲ್ಲ. ಅಮ್ಮ ನನ್ನ ಭುಜ ಹಿಡಿದು ಸೀರೆಯ ನೆರಿಗೆ ಎತ್ತಿಕೊಂಡು ನಿಂತರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನಿಮ್ಮ ಅಪ್ಪ ಇದ್ದಾಗಲೇ ಬರಬೇಕಿತ್ತು" ಎಂದರು. ನೂಲಿನ ಲೆಕ್ಕದಲ್ಲೇ ಮೂವತ್ತು ವರ್ಷ ಕಳೆದ ನನಗೆ ಆ ಮಾತು ನಾಟಿತು.

ಅಷ್ಟರಲ್ಲಿ ಮಗ ಒಂದು ಚಂದದ ಶಂಖ ತಂದು ತೋರಿಸಿದ. ಅದರೊಳಗಿಂದ ಪುಟ್ಟ ಏಡಿಯ ಕಾಲುಗಳು ಹೊರಬಂದವು. "ಅದರ ಮನೆ ಅದು, ಕಂದ" ಎಂದರು ಅಜ್ಜಿ. ಅವನು ಓಡಿಹೋಗಿ ನೀರಿನ ಅಂಚಿನಲ್ಲಿ ಇಟ್ಟು ಬಂದ. ಆಮೇಲೆ ಬರಿದಾದ ಚಿಪ್ಪನ್ನೂ ಅವನು ಎತ್ತಿಕೊಳ್ಳಲಿಲ್ಲ.

ಹೋಗುವವರಿಗೆ ಕೆಲವು ಸೂಚನೆಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಆಗ ಕಡಲಿಗೆ ಇಳಿಯಬಾರದು. ಭರತ-ಇಳಿತದ ವೇಳೆಯನ್ನು ಸ್ಥಳೀಯರಲ್ಲಿ ಕೇಳದೆ ಕಾರನ್ನು ಮರಳಿಗೆ ಇಳಿಸಬೇಡಿ. ನೀರು ಆಳವಿಲ್ಲವೆಂದು ಮಕ್ಕಳ ಕೈ ಬಿಡಬೇಡಿ. ತಲಶ್ಶೇರಿ ಬಿರಿಯಾನಿಗೆ ಹೆಸರಾದ ಊರು. ಆದ್ದರಿಂದ ಚಪಾತಿ, ಚಟ್ನಿಪುಡಿ, ಅವಲಕ್ಕಿ, ಸೋಸಿದ ನೀರು ಜೊತೆಗಿರಲಿ. ಸೂರ್ಯಾಸ್ತಕ್ಕೆ ಮೊದಲೇ ನಾವು ದಂಡೆಯಲ್ಲಿ ಬುತ್ತಿ ಬಿಚ್ಚಿ ಊಟ ಮುಗಿಸಿದೆವು. ರೈಲಿನಲ್ಲಿ ಹೋಗುವವರಿಗೆ ಕೊಯಮತ್ತೂರಿನಿಂದ ಮಂಗಳೂರಿನ ಕಡೆಗೆ ಹೋಗುವ ಗಾಡಿಗಳು ಅನುಕೂಲ.

ಅಂಗಡಿ ಎರಡು ದಿನ ಮುಚ್ಚಿದ್ದರಿಂದ ಆದ ನಷ್ಟವನ್ನು ನಾನು ಲೆಕ್ಕ ಹಾಕಲಿಲ್ಲ. ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ, ಅವರಿಗೆ ಏನು ನೋಡಬೇಕೆಂಬ ಆಸೆ ಇದೆ ಎಂದು.