ಕತ್ತಿವರಸೆ ಆಡುವ ಯಂತ್ರದ ಗೊಂಬೆ



ಹೋದ ವರ್ಷ ನಾನು, ನನ್ನ ಗೆಳೆಯ ತೊಗರಿ ಕಟ್ಟಿಗಿ ಹಿಡಿದು ಕತ್ತಿವರಸೆ ಆಡುತ್ತಿದ್ದೆವು. ನನ್ನ ಕಟ್ಟಿಗಿ ತುದಿ ಅವನ ಹುಬ್ಬಿಗೆ ಬಡಿಯಿತು. ಮೂರು ಹೊಲಿಗೆ ಬಿದ್ದವು. ಇನ್ನೊಂದಿಷ್ಟು ಕೆಳಗ ಬಡಿದಿದ್ರ ಕಣ್ಣೇ ಹೋಗ್ತಿತ್ತು ಅಂದ್ರು ಡಾಕ್ಟರು. ಅವತ್ತಿನಿಂದ ನನ್ನ ಎದುರಿಗೆ ಯಾರೂ ನಿಲ್ಲುವುದಿಲ್ಲ. ಎದುರಾಳಿ ಇಲ್ಲದೆ ಕಲಿಯುವುದು ಹ್ಯಾಂಗ?

ಈ ಆಟಕ್ಕೆ ಒಲಿಂಪಿಕ್‌ನಲ್ಲಿ ಫೆನ್ಸಿಂಗ್ ಎನ್ನುತ್ತಾರೆ. ಫಾಯಿಲ್, ಎಪೆ, ಸೇಬರ್ ಎಂದು ಮೂರು ಬಗೆಯ ಕತ್ತಿ. ಚೆನ್ನೈನ ಸಿ.ಎ. ಭವಾನಿ ದೇವಿಯವರು 2021ರಲ್ಲಿ ಟೋಕಿಯೋದಲ್ಲಿ ಸೇಬರ್ ಆಡಿದರು. ಒಲಿಂಪಿಕ್‌ನಲ್ಲಿ ಫೆನ್ಸಿಂಗ್ ಆಡಿದ ಮೊದಲ ಭಾರತೀಯರು ಅವರೇ. ಮೊದಲ ಪಂದ್ಯ 15-3ರಿಂದ ಗೆದ್ದರು, ಎರಡನೆಯದು ಸೋತರು. ಅಲ್ಲಿ ಮುಖಕ್ಕೆ ಜಾಲರಿ, ಮೈಮೇಲೆ ಲೋಹದ ಎಳೆ ನೇಯ್ದ ಅಂಗಿ. ಕತ್ತಿ ತಾಗಿದ ಕೂಡಲೇ ಕರೆಂಟು ಹರಿದು ದೀಪ ಹತ್ತುತ್ತದೆ. (ನಮ್ಮ ಕಬಡ್ಡಿಗೂ ಇದು ಬೇಕಿತ್ತು, ಜಗಳ ತಪ್ಪುತ್ತಿತ್ತು.)

ನಿಜವಾದ ರೋಬೋಟ್‌ಗೆ ನೋಡಲು ಕ್ಯಾಮೆರಾ, ಯೋಚಿಸಲು ಕಂಪ್ಯೂಟರ್, ಕೈ ಆಡಿಸಲು ಮೋಟರು ಬೇಕು. ನಮ್ಮಲ್ಲಿ ಇವು ಯಾವುವೂ ಇಲ್ಲ. ಆದರೆ ಹಿಂದಿನ ಕಾಲದ ರೋಮ್ ಸೈನಿಕರು ನೆಲದಲ್ಲಿ ಆರಡಿ ಕಂಬ ನೆಟ್ಟು, ಅದನ್ನೇ ವೈರಿ ಎಂದು ತಿಳಿದು ಹೊಡೆಯುತ್ತಿದ್ದರು. ನಮ್ಮ ಮಲ್ಲಕಂಬವೂ ಒಂದು ರೀತಿ ಹಂಗೇ, ಕಂಬವೇ ಜೊತೆಗಾರ.

ಆದರ ಸುಮ್ನ ನಿಂತ ಕಂಬ ತಿರುಗಿ ಹೊಡೆಯುವುದಿಲ್ಲ. ಅದಕ್ಕೆ ನಾನು ಹೀಗೆ ಯೋಚಿಸಿದೆ. ಶಹಾಬಾದ್ ಕಲ್ಲಿನಲ್ಲಿ ಕುಳಿ ಮಾಡಿ, ಹಳೇ ಬಾಗಿಲು ತಿರುಗಿದಂಗ ಕಂಬ ತಿರುಗಬೇಕು. ಅದಕ್ಕೆ ಅಡ್ಡಡ್ಡ ಎರಡು ಕೈ, ಕೈಗೆ ಕೌದಿ ತುಂಡು ಸುತ್ತಬೇಕು. ಒಂದು ಕೈಗೆ ಹೊಡೆದರೆ ಇನ್ನೊಂದು ಕೈ ತಿರುಗಿ ಬಂದು ನಮ್ಮ ಬೆನ್ನಿಗೆ ಬೀಳುತ್ತದೆ! ಎಷ್ಟು ಜೋರು ಹೊಡೆದೆವೋ ಅಷ್ಟು ಜೋರು ವಾಪಸ್.

ಇದರಲ್ಲಿ ಒಂದು ಐಬು ಅದ. ನಾವು ಹೊಡೆದಾಗ ಮಾತ್ರ ಅದು ಹೊಡೆಯುತ್ತದೆ, ಮೊದಲೇ ಗೊತ್ತಾಗಿಬಿಡುತ್ತದೆ. ಅದಕ್ಕೇ ಕಂಬದ ಬುಡಕ್ಕೆ ಹಗ್ಗ ಸುತ್ತಿ, ಅದರ ತುದಿ ಗೋಡೆ ಹಿಂದೆ ಕುಳಿತವನ ಕೈಗೆ ಕೊಡಬೇಕು. ಅವನು ಯಾವಾಗ ಎಳೆಯುತ್ತಾನೋ ನಮಗೆ ಕಾಣುವುದಿಲ್ಲ. ಅವನೇ ರೋಬೋಟ್‌ನ ಮಿದುಳು.

ತಪ್ಪಿಸಿಕೊಳ್ಳಲು ನಮಗೆ ಎಷ್ಟು ಹೊತ್ತು ಬೇಕು? ಸ್ಕೇಲಿನಿಂದ ತಿಳಿಯಬಹುದು. ಗೆಳೆಯ ಸ್ಕೇಲು ನೆಟ್ಟಗೆ ಹಿಡಿದು ಬಿಡಲಿ, ನೀವು ಎರಡು ಬೆರಳಲ್ಲಿ ಹಿಡಿಯಿರಿ. 20 ಸೆಂಟಿಮೀಟರ್ ಜಾರಿದ ಮೇಲೆ ಸಿಕ್ಕರೆ ನಿಮಗೆ ಸೆಕೆಂಡಿನ ಐದನೇ ಒಂದು ಭಾಗ ಹಿಡಿಯಿತು ಎಂದರ್ಥ. ಅದಕ್ಕಿಂತ ಬೇಗ ಕೈ ಬಂದರೆ ಪೆಟ್ಟು ಗ್ಯಾರಂಟಿ. ಆದ್ದರಿಂದ ಮೊದಮೊದಲು ಹಗ್ಗ ಮೆಲ್ಲಗೆ ಎಳೆಯಬೇಕು.

ಕಂಬದ ಎದೆಗೆ ಎಣ್ಣೆ ಡಬ್ಬಿ ತಗಡು ಬಡಿಯಬೇಕು. ಟಾರ್ಚ್ ಸೆಲ್ಲಿನ ಒಂದು ತುದಿಯಿಂದ ಬಲ್ಬಿಗೆ, ಬಲ್ಬಿನಿಂದ ತಗಡಿಗೆ ವಾಯರ್. ಇನ್ನೊಂದು ತುದಿಯಿಂದ ನಮ್ಮ ಕೋಲಿನ ತಾಮ್ರದ ತುದಿಗೆ. ಕೋಲು ತಗಡಿಗೆ ತಾಗಿದರೆ ದೀಪ ಹತ್ತುತ್ತದೆ. ಮನೆ ಕರೆಂಟಿಗೆ ಮಾತ್ರ ಯಾರೂ ಕೈ ಹಚ್ಚಬ್ಯಾಡ್ರಿ.

ಕಂಬ ಹಿಂದೆ ಮುಂದೆ ಓಡಾಡುವುದಿಲ್ಲ. ಅದಕ್ಕೆ ಉಪಾಯ ಇನ್ನೂ ಹೊಳೆದಿಲ್ಲ. ಹಗ್ಗ ಎಳಿಯೋ ಕೆಲಸ ನಾ ಮಾಡ್ತೀನಿ ಅಂತ ಹೊಲಿಗೆ ಬಿದ್ದ ಗೆಳೆಯನೇ ಅಂದಾನ. ಸೆಲ್ಲು, ಬಲ್ಬು ಅವ. ಎಂಟು ಮೊಳ ವಾಯರ್ ಬೇಕು, ಯಾರ ಮನಿಯಾಗರ ಇದ್ರ ಸೋಮವಾರ ತರ್ರಿ.

— 7ನೇ ತರಗತಿ